ಹತ್ತೊಂಬತ್ತು ಒಂದುಗಳ ಸರ್

ನಮ್ಮ ಗಣಿತದ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಗವಾಡದ ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದೆ. ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ, ಬಿಸಿಲು ಜೋರಾಗಿತ್ತು. ಫೋನಿನಲ್ಲಿ ನನ್ನ ಸಹೋದ್ಯೋಗಿ ಅಳುತ್ತಿದ್ದರು. ನಾನು "ಹೌದಾ?" ಎಂದೆ. ಫೋನು ಚೀಲಕ್ಕೆ ಹಾಕಿ, ಗ್ಲಾಸಿನಲ್ಲಿ ಉಳಿದದ್ದನ್ನು ನಿಧಾನವಾಗಿ ಕುಡಿದು ಮುಗಿಸಿದೆ. ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ದುಃಖವಾಯಿತು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೌರವಕ್ಕಾಗಿ ಬಿಟ್ಟದ್ದಲ್ಲ. ಆ ಹೆಸರು ಈಗಾಗಲೇ ಸಾಕಷ್ಟು ಕಡೆ ಅಚ್ಚಾಗಿದೆ, ನನ್ನ ಕೈಯಿಂದ ಇನ್ನೊಂದು ಸಲ ಆಗುವುದು ಬೇಡ.

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಮೂರು ವರ್ಷ ಅವರ ವಿದ್ಯಾರ್ಥಿನಿಯಾಗಿದ್ದೆ. ಆಮೇಲೆ ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ, ಅವರು ನಿವೃತ್ತರಾಗುವವರೆಗೂ ಅವರ ಕೈಕೆಳಗೆ ಕೆಲಸ ಮಾಡಿದೆ. ಊರಿನ ಮಂದಿ ಅವರ ಬಗ್ಗೆ ಹೇಳುವ ಒಳ್ಳೆಯ ಮಾತುಗಳೆಲ್ಲ ನನಗೆ ಬಾಯಿಪಾಠ ಬರುತ್ತವೆ. ಅವರು ಎಂದೂ ತಡವಾಗಿ ಬಂದವರಲ್ಲ. ಮನೆಪಾಠ ಹೇಳಿ ಗಳಿಸಿದವರಲ್ಲ. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಪಾಠಕ್ಕೆ ನಿಲ್ಲುತ್ತಿದ್ದರು. ಎಲ್ಲವೂ ನಿಜ. ಚಾಕುವನ್ನು ದಿನಾ ಮಸೆಯುವವನೂ ಶ್ರಮಜೀವಿಯೇ.

ನೋಡುವುದಕ್ಕೆ ಲಕ್ಷಣವಾಗಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಪಾಠ ಮುಗಿದ ಮೇಲೆ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ತಾವೇ ಮನೆಯಿಂದ ತಂದ ತಂಬಿಗೆಯ ನೀರಿನಲ್ಲಿ ತೊಳೆದು, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಒರೆಸಿಕೊಳ್ಳುತ್ತಿದ್ದರು. ಬೋರ್ಡನ್ನು ಮಾತ್ರ ಎಂದೂ ಒರೆಸುತ್ತಿರಲಿಲ್ಲ. ಅದು ಮುಂದಿನ ಬೆಂಚಿನವರ ಕೆಲಸ. ಅವರು ಡಸ್ಟರನ್ನು ಬೆರಳಿನಿಂದ ತೋರಿಸಿದರೆ ಯಾರಾದರೂ ಓಡಬೇಕು.

ಮೊದಲ ದಿನ ಅವರು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಹೆಸರು, ಊರು, ಅಪ್ಪನ ಉದ್ಯೋಗ ಕೇಳಿದರು. ಕೇಳಿ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ನಿಪ್ಪಾಣಿಯಿಂದ ಬರುತ್ತಿದ್ದ, ಅಪ್ಪನಿಗೆ ತಂಬಾಕಿನ ಗೋದಾಮಿನಲ್ಲಿ ಕೆಲಸವಿದ್ದ ಹುಡುಗನಿಗೆ, "ನೀ ಹನ್ನೆರಡು. ಎರಡರಿಂದನೂ ಹೋಗ್ತಿ, ಮೂರರಿಂದನೂ ಹೋಗ್ತಿ, ನಾಕರಿಂದನೂ ಹೋಗ್ತಿ. ನಿನಗ ತೂಕ ಮಾಡಾಕ ಬಂದ್ರ ಸಾಕು, ಗಣಿತ ಯಾಕ?" ಎಂದರು. ಕ್ಲಾಸು ನಕ್ಕಿತು. ರಾಯಬಾಗದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ಐವತ್ತೊಂದು. ನೋಡಾಕ ಅವಿಭಾಜ್ಯ ಇದ್ದಂಗ ಕಾಣ್ತಿ. ಆದ್ರ ಹದಿನೇಳ್ ಮೂರ್ಲೆ ಐವತ್ತೊಂದು. ಎರಡ ವಾರದಾಗ ಒಡೀತಿ."

ನನ್ನ ಪಕ್ಕದಲ್ಲಿ ಕೂತಿದ್ದವಳು ಮುಗಳಖೋಡದ ಮಹಾದೇವಿ. ಅವಳ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್.

"ಡ್ರೈವರ್ ಮಗಳು? ನಲವತ್ತೆಂಟು," ಎಂದರು. "ಬಸ್ಸಿನ ಸೀಟಿದ್ದಂಗ. ಯಾರ ಬಂದ್ರೂ ಭಾಗ."

ಆ ಮೂರು ವರ್ಷದಲ್ಲಿ ಅವರು ಯಾರಿಗೂ ಅವಿಭಾಜ್ಯ ಸಂಖ್ಯೆಯನ್ನು ಕೊಡಲಿಲ್ಲ. ಅದನ್ನು ತಮಗೇ ಇಟ್ಟುಕೊಂಡಿದ್ದರು ಎಂದು ನಮಗೆ ಹೊತ್ತಾಗಿ ತಿಳಿಯಿತು.

ಆದರೂ ಒಂದು ಗಂಟೆಯ ಪಾಠ ಇದೆ. ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ, ಅವರಿಗಲ್ಲ, ಗಣಿತಕ್ಕೆ.

ಅಂದು ಅವರು ಒಳಗೆ ಬಂದು ಮಾತಾಡದೆ ಬೋರ್ಡಿನ ಮೇಲೆ ಒಂದು, ಒಂದು, ಒಂದು ಎಂದು ಬರೆಯುತ್ತ ಹೋದರು. ಈ ತುದಿಯಿಂದ ಆ ತುದಿಗೆ ಹತ್ತೊಂಬತ್ತು ಒಂದುಗಳು, ಬೇಲಿಯ ಗೂಟಗಳ ಹಾಗೆ. "ಇದು ಅವಿಭಾಜ್ಯ," ಎಂದರು. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ ಹನ್ನೊಂದು ಸಾವಿರ ಪಟ್ಟು ಮಾಡಿದರೂ ಇನ್ನೂ ಸ್ವಲ್ಪ ಕಡಿಮೆಯೇ ಬೀಳುವಷ್ಟು ದೊಡ್ಡದು. ಆದರೂ ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ.

ಮೇಲೆ ಮೂಲೆಯಲ್ಲಿ ಚಿಕ್ಕವನ್ನು ಬರೆದು ತೋರಿಸಿದರು. ಎರಡು ಒಂದು ಬರೆದರೆ ಹನ್ನೊಂದು, ಅದು ಅವಿಭಾಜ್ಯ. ಮೂರು ಬರೆದರೆ ನೂರಾ ಹನ್ನೊಂದು, ಮೂವತ್ತೇಳನ್ನು ಮೂರರಿಂದ ಗುಣಿಸಿದರೆ ಬರುವುದು ಅದೇ. ಐದು ಬರೆದರೆ ನಲವತ್ತೊಂದು ಮತ್ತು ಇನ್ನೂರಾ ಎಪ್ಪತ್ತೊಂದರ ಗುಣಲಬ್ಧ. ಆರು ಬರೆದರೆ ನೋಡುವುದೇ ಬೇಡ, ಮೂರು ಮೂರರ ಎರಡು ಗುಂಪು ಮಾಡಬಹುದು, ಹಾಗಾಗಿ ನೂರಾ ಹನ್ನೊಂದರಿಂದ ಹೋಗೇ ಹೋಗುತ್ತದೆ. ಅಂದರೆ ಒಂದುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು, ಇಲ್ಲದಿದ್ದರೆ ಗುಂಪು ಗುಂಪಾಗಿ ಒಡೆಯುತ್ತದೆ. ಎಣಿಕೆ ಅವಿಭಾಜ್ಯ ಆದರಷ್ಟೇ ಸಾಲದು. ಏಳು, ಹನ್ನೊಂದು, ಹದಿಮೂರು, ಹದಿನೇಳು, ಎಲ್ಲವೂ ಒಡೆದವು. ಎರಡರ ನಂತರ ಹತ್ತೊಂಬತ್ತರ ತನಕ ಕಾಯಬೇಕು. ಅದಾದ ಮೇಲೆ ಇಪ್ಪತ್ತಮೂರು.

"ಇದನ್ನ ಹಿಂದಿನಿಂದ ಓದ್ರಿ. ಅದ. ಮುಂದಿನಿಂದ ಓದ್ರಿ. ಅದ," ಎಂದರು. "ಒಂದನ್ನ ಇದರಿಂದ ಭಾಗಸ್ರಿ. ದಶಾಂಶದ ಮುಂದ ಹದಿನೆಂಟು ಸೊನ್ನಿ, ಆಮ್ಯಾಲ ಒಂಬತ್ತು. ಮತ್ತ ಹದಿನೆಂಟು ಸೊನ್ನಿ, ಮತ್ತ ಒಂಬತ್ತು. ಪ್ರಪಂಚ ಮುಗಿಯೂತನಕ ಹಿಂಗ."

ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮತ್ತೆ ಕೇಳಲಿಲ್ಲ. ಹೊರಗೆ ಕೋರ್ಟಿನ ಕಡೆಯಿಂದ ಗದ್ದಲ ಕೇಳುತ್ತಿತ್ತು, ಒಳಗೆ ಯಾರೂ ಕೆಮ್ಮಲಿಲ್ಲ. ನಾನು ಗಣಿತದ ಅಧ್ಯಾಪಕಿಯಾದದ್ದು ಆ ಒಂದು ಗಂಟೆಯಿಂದ. ಇದನ್ನು ಅವರ ಲೆಕ್ಕಕ್ಕೆ ಬರೆದುಕೊಳ್ಳಲಿ. ಇದೊಂದನ್ನೇ.

ಕೊನೆಗೆ ಮಹಾದೇವಿ ಎದ್ದು ಕೇಳಿದಳು. "ಸರ್, ಇಪ್ಪತ್ತಮೂರು ಆದ ಮ್ಯಾಲ ಇಪ್ಪತ್ತೊಂಬತ್ತ ಬರ್ತೈತಲ್ರಿ, ಎಣಿಕಿ ಅವಿಭಾಜ್ಯ. ಅದೇನ ಆಗ್ತೈತ್ರಿ?"

ಮೆತ್ತಗಿನ ದನಿ ಅಲ್ಲಿಗೇ ಮುಗಿಯಿತು. "ಅದು ನಲವತ್ತೆಂಟರ ಕೆಲಸ ಅಲ್ಲ. ಕುಂದರ್," ಎಂದರು.

ದೀಪಾವಳಿ ರಜೆಗೆ ಅವಳು ಮುಗಳಖೋಡಕ್ಕೆ ಹೋದಳು. ಮನೆಯಲ್ಲಿ ತಮ್ಮನ ಪಾಟಿ ಇತ್ತು, ಮಕ್ಕಳು ಬರೆಯುವ ಕಲ್ಲಿನ ಹಲಗೆ. ಕಾಗದ ಹಾಳು ಮಾಡಿದರೆ ಅವ್ವ ಬೈಯುತ್ತಾಳೆಂದು ಅದರ ಮೇಲೇ ಲೆಕ್ಕ ಮಾಡಿದಳು. ತಾಳಿಪಟ್ಟು ಬೇಯಿಸುತ್ತ, ಎಮ್ಮೆಗೆ ನೀರು ಕುಡಿಸುತ್ತ ಯೋಚನೆ ಮಾಡಿ, ಕೈ ಒರೆಸಿಕೊಂಡು ಬಂದು ಬರೆದು ನೋಡಿ ಅಳಿಸುತ್ತಿದ್ದಳಂತೆ. ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸುತ್ತ ಕೂತರೆ ಜನ್ಮ ಸಾಲುವುದಿಲ್ಲ ಎಂದು ಅವಳಿಗೆ ಬೇಗ ಗೊತ್ತಾಯಿತು. ಆಗ ಹೊಳೆದದ್ದು ಇದು. ಇಪ್ಪತ್ತೊಂಬತ್ತು ಒಂದುಗಳನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಹತ್ತು, ನೂರು, ಸಾವಿರ ಎಂದು ಸಾಲಾಗಿ ಅದರಿಂದ ಭಾಗಿಸುತ್ತ ಹೋದರೆ ಶೇಷಗಳು ಇಪ್ಪತ್ತೊಂಬತ್ತಕ್ಕೊಮ್ಮೆ ತಿರುಗಿ ಬರಬೇಕು. ಹಾಗೆ ತಿರುಗಿ ಬರಬೇಕಾದರೆ, ಆ ಸಂಖ್ಯೆಯನ್ನು ಐವತ್ತೆಂಟರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಉಳಿದ ಸಂಖ್ಯೆಗಳನ್ನೆಲ್ಲ ಮುಟ್ಟುವುದೇ ಬೇಡ. ಐವತ್ತೊಂಬತ್ತರಿಂದ ಶುರು ಮಾಡಿ ಐವತ್ತೆಂಟು ಕೂಡಿಸುತ್ತ ಹೋದಳು, ಅವುಗಳಲ್ಲಿ ಒಡೆಯುವವನ್ನು ಬಿಟ್ಟು ಒಡೆಯದವನ್ನು ಮಾತ್ರ ಪರೀಕ್ಷಿಸಿದಳು. ಮೂರು ಸಾವಿರದ ನೂರಾ ತೊಂಬತ್ತೊಂದಕ್ಕೆ ಬಂದಾಗ ಶೇಷ ಉಳಿಯಲಿಲ್ಲ.

ರಜೆ ಮುಗಿಸಿ ಬಸ್ಸಿಳಿದವಳು ನನ್ನ ತೋಳು ಹಿಡಿದು ಬಸ್ ಸ್ಟ್ಯಾಂಡಿನಲ್ಲೇ ಎಲ್ಲ ಹೇಳಿದಳು. ಹೇಳುವಾಗ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ, ಎಮ್ಮೆಯ ಪಕ್ಕದಲ್ಲಿ ನಿಂತು ಅದನ್ನು ಕಂಡುಕೊಂಡಿದ್ದಳು. ಆಗ ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಅಂಗಡಿಯೆಂದರೆ ಹುಡುಗರು ಮಾತ್ರ ಹೋಗುವ ಜಾಗ. ನಮಗೆ ಗಣಿತವೆಂದರೆ ಸರ್ ಮತ್ತು ಸರ್ ಹೇಳಿದ್ದು.

ಮರುದಿನ ಅವಳು ಧೈರ್ಯ ಮಾಡಿ ಅವರ ಅಪ್ಪಣೆ ಕೇಳಿ ಬೋರ್ಡಿನ ಹತ್ತಿರ ಹೋದಳು. ಅಕ್ಷರಗಳು ನೆಟ್ಟಗಿದ್ದವು. ಮೊದಲು ಐವತ್ತೆಂಟರ ಮಾತು, ಅದು ಯಾಕೆ ಹಾಗೆ ಎನ್ನುವುದು, ಕೊನೆಗೆ ಆ ಸಂಖ್ಯೆ. ಸರ್ ಕಿಟಕಿಗೆ ಒರಗಿ ಪೂರ್ತಿ ಓದಿದರು. ಅವರ ಮುಖವನ್ನು ನಾನು ನೋಡುತ್ತಿದ್ದೆ. ಅರ್ಥವಾಗದವರ ಮುಖ ಅದಲ್ಲ. ಅವರು ತಲೆ ಅಲ್ಲಾಡಿಸಿದ್ದು ಒಂದು ಸಲ, ತಮಗೇ ಗೊತ್ತಿಲ್ಲದೆ.

ಆಮೇಲೆ ಮುಂದೆ ಬಂದು, ಯಾರಿಗೂ ಬೆರಳು ತೋರಿಸದೆ, ಡಸ್ಟರನ್ನು ತಾವೇ ಎತ್ತಿಕೊಂಡು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರು.

"ಇದು ಹಳೇ ಮಾತವಾ," ಎಂದರು. "ನಿಮ್ಮ ಮುತ್ತ್ಯಾ ಹುಟ್ಟೂಕಿಂತ ಮೊದಲ ಮಂದಿ ಬರದಿಟ್ಟಾರ. ಯಾವದೋ ಬುಕ್ಕಿನ್ಯಾಗ ನೋಡಿ ಬಂದು ಇಲ್ಲಿ ಬರದ್ರ ಶಾಣ್ಯಾ ಆಗೂದಿಲ್ಲ."

"ಬುಕ್ ನೋಡಿಲ್ರಿ ಸರ್. ನಾನ ಮಾಡೇನ್ರಿ."

"ಮತ್ತ ಸುಳ್ಳೂ ಹೇಳ್ತಿ."

ಹಳೆಯ ಮಾತು ಎನ್ನುವುದು ನಿಜ. ಅದು ನನಗೆ ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋದ ಮೇಲೆ ತಿಳಿಯಿತು. ಸಂಖ್ಯೆಗಳ ಬಗ್ಗೆ ಅವರು ಎಂದೂ ಸುಳ್ಳು ಹೇಳಿದವರಲ್ಲ. ಒಬ್ಬ ಒಳ್ಳೆಯ ಮನುಷ್ಯ ಆ ಜಾಗದಲ್ಲಿ ನಿಂತಿದ್ದರೆ ಅದೇ ನಿಜವನ್ನೇ ಹೇಳಬಹುದಿತ್ತು. "ಇದು ಮೊದಲೇ ಗೊತ್ತಿದ್ದದ್ದು ಮಗಳೇ, ಆದರೆ ದೊಡ್ಡ ದೊಡ್ಡವರು ಹೋದ ದಾರಿಯಲ್ಲಿ ನೀನು ಒಬ್ಬಳೇ ಹೋಗಿ ಬಂದಿದ್ದೀ" ಎಂದಿದ್ದರೆ ಸಾಕಿತ್ತು. ಅಷ್ಟಕ್ಕೆ ಅವರಿಗೆ ಏನು ಖರ್ಚಿತ್ತೋ ಗೊತ್ತಿಲ್ಲ.

ಮಹಾದೇವಿಯ ಅಪ್ಪನಿಗೆ ಮಗಳು ಎಂ.ಎಸ್ಸಿ. ಮಾಡಲಿ ಎಂಬ ಆಸೆಯಿತ್ತು. ಮನೆಯವರು ಬೇಡ ಎನ್ನುತ್ತಿದ್ದರು. ಆತ ಒಂದು ತೀರ್ಮಾನಕ್ಕೆ ಬಂದಿದ್ದ: ಸರ್ ಹೂಂ ಅಂದರೆ ಧಾರವಾಡ, ಊಹೂಂ ಅಂದರೆ ಮದುವೆ. ಒಂದು ಮಧ್ಯಾಹ್ನ ಡ್ಯೂಟಿಯ ನಡುವೆ ಖಾಕಿ ಅಂಗಿಯಲ್ಲೇ ಕಾಲೇಜಿಗೆ ಬಂದ. ನಾವಿಬ್ಬರೂ ಸ್ಟಾಫ್ ರೂಮಿನ ಹೊರಗೆ ಬಾಗಿಲ ಪಕ್ಕ ನಿಂತಿದ್ದೆವು.

ಸರ್ ಅಷ್ಟು ಸೌಜನ್ಯದಿಂದ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಬರ್ರಿ ಡ್ರೈವರ್ ಸಾಹೇಬ್ರ, ಕುಂದರ್ರಿ," ಎಂದು ಕುರ್ಚಿ ಕೊಟ್ಟರು. ಚಹಾ ತರಿಸಿದರು.

"ಮಗಳು ಮುಂದ ಓದ್ತೀನಿ ಅಂತಾಳ್ರಿ ಸರ್. ನಮಗೇನ ತಿಳೀತೈತ್ರಿ? ನೀವ ಹೇಳ್ದಂಗ," ಎಂದ ಅಪ್ಪ.

"ಹುಡುಗಿ ಚಲೋ ಐತ್ರಿ. ಕಷ್ಟಪಡ್ತಾಳ. ಆದ್ರ ಕಷ್ಟ ಅಂಬೂದ ಬ್ಯಾರೆ, ಬುದ್ಧಿ ಅಂಬೂದ ಬ್ಯಾರೆ. ಗಣಿತಕ್ಕ ಬೇಕಾಗೂ ಬುದ್ಧಿ ಆಕಿಗಿಲ್ಲ. ಧಾರವಾಡಕ್ಕ ಹೋಗಿ ಫೇಲಾದ್ರ ಆಕಿ ಮನಸ್ಸ ಮುರೀತೈತಿ. ನನ್ನ ಮಗಳಿದ್ರೂ ನಾ ಇದ ಹೇಳ್ತಿದ್ನಿ. ಒಳ್ಳೆ ಮನಿತನ ನೋಡಿ ಕೊಟ್ಟ ಬಿಡ್ರಿ."

ಅಪ್ಪ ಚಹಾ ಪೂರ್ತಿ ಕುಡಿದು, ಎದ್ದು, ಎರಡೂ ಕೈ ಜೋಡಿಸಿದ. ಹೊರಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, "ದೇವರಂಥಾ ಮನಷ್ಯಾರವಾ. ಇದ್ದದ್ದ ಇದ್ದಂಗ ಹೇಳಿದ್ರು. ಬ್ಯಾರೆದವರಾಗಿದ್ರ ಸುಳ್ಳ ಹೇಳಿ ಕಳಸ್ತಿದ್ರು," ಎಂದ. ಮಹಾದೇವಿ ಅಪ್ಪನ ಹಿಂದೆ ಗೇಟಿನವರೆಗೆ ಹೋಗಿ, ಅವನು ಬಸ್ಸಿನ ಕಡೆ ಹೊರಟ ಮೇಲೆ ತಿರುಗಿ ಬಂದು ಕ್ಲಾಸಿನಲ್ಲಿ ಕೂತಳು. ಆವತ್ತಿನಿಂದ ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಇದಾದ ಕೆಲವು ವಾರಗಳ ಮೇಲೆ ಕಾಲೇಜಿನಲ್ಲಿ ವಿಚಾರ ಸಂಕಿರಣ. ಬೆಳಗಾವಿಯಿಂದ, ಕೊಲ್ಲಾಪುರದಿಂದ ಪ್ರಾಧ್ಯಾಪಕರು ಬಂದಿದ್ದರು. ಊರಿನ ವಕೀಲರು, ವ್ಯಾಪಾರಿಗಳು, ಆಡಳಿತ ಮಂಡಳಿಯವರು ಮುಂದಿನ ಸಾಲಿನಲ್ಲಿದ್ದರು. ಮಹಾದೇವಿ ಅಂದು ಬಂದಿರಲಿಲ್ಲ, ಅಥಣಿಯಿಂದ ವರನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಸರ್ ಎದ್ದು ಪರದೆಯ ಮೇಲೆ ಇಪ್ಪತ್ತೊಂಬತ್ತು ಒಂದುಗಳನ್ನು ತೋರಿಸಿದರು. "ಇದರ ಬಗ್ಗೆ ನಾನು ಮಾಡಿದ ಸಣ್ಣ ಕೆಲಸ" ಎಂದು ಶುರು ಮಾಡಿದರು. ಐವತ್ತೆಂಟರ ಮಾತು ಬಂತು. ಶೇಷಗಳು ತಿರುಗಿ ಬರುವ ಮಾತು ಬಂತು. ಅವಳು ಬೋರ್ಡಿನ ಮೇಲೆ ಬರೆದ ಅದೇ ಕ್ರಮ. ಕೊನೆಗೆ ಆ ಸಂಖ್ಯೆ ಪರದೆಯ ಮೇಲೆ ಬಂದಾಗ ವ್ಯಾಪಾರಿಗಳೆಲ್ಲ ಚಪ್ಪಾಳೆ ತಟ್ಟಿದರು. ಕೊಲ್ಲಾಪುರದವರು ನಗುತ್ತ, "ಫಾರ್ ಛಾನ್, ಸರ್," ಎಂದು ಮರಾಠಿಯಲ್ಲಿ ಹೊಗಳಿದರು. ಅವರಿಗೆ ಅದು ಹಳೆಯದೆಂದು ಗೊತ್ತಿದ್ದಿರಬೇಕು. ಚಿಕ್ಕ ಊರಿನಲ್ಲಿ ಯಾಕೆ ಮುಜುಗರ ಎಂದು ಬಿಟ್ಟಿರಬೇಕು.

ನಾನು ಎದ್ದು ನಿಂತೆ. "ಸರ್, ಇದು ಮಹಾದೇವಿ ಮಾಡಿದ್ರಿ. ಕ್ಲಾಸಿನ್ಯಾಗ ಬೋರ್ಡಿನ ಮ್ಯಾಲ ಬರದಿದ್ಲು."

ಸಭೆ ತಿರುಗಿ ನನ್ನನ್ನು ನೋಡಿತು. ಸರ್ ಒಂದು ಕ್ಷಣವೂ ತಡವರಿಸಲಿಲ್ಲ. ಮುದ್ದು ಮಗುವಿನ ಮಾತಿಗೆ ನಗುವಂತೆ ನಕ್ಕರು.

"ನೋಡ್ರಿ, ನಾ ಕ್ಲಾಸಿನ್ಯಾಗ ಹೇಳಿಕೊಟ್ಟದ್ದನ್ನ ನಮ್ಮ ಹುಡುಗ್ಯಾರು ಬೋರ್ಡಿನ ಮ್ಯಾಲ ಬರದ ತೋರಿಸ್ತಾರ. ಗುರುವಿಗೆ ಇದಕ್ಕಿಂತ ಖುಷಿ ಏನ ಬೇಕ್ರಿ? ಕುಂದರವಾ, ಕುಂದರ್."

ಮತ್ತೆ ಚಪ್ಪಾಳೆ. ಮರುದಿನ ಪತ್ರಿಕೆಯಲ್ಲಿ ಚಿಕ್ಕೋಡಿಯ ಪ್ರಾಧ್ಯಾಪಕರ ಗಣಿತ ಶೋಧ ಎಂದು ಫೋಟೋ ಸಮೇತ ಬಂತು. ಆ ವರ್ಷ ಆಂತರಿಕ ಅಂಕಗಳಲ್ಲಿ ನನಗೆ ಪಾಸಾಗುವಷ್ಟು ಮಾತ್ರ ಸಿಕ್ಕಿತು. ಮಹಾದೇವಿಗೆ ಸಂಗತಿ ಹೇಳಿದಾಗ ಅವಳು ಮೆಹಂದಿ ಹಾಕಿಸಿಕೊಳ್ಳುತ್ತಿದ್ದಳು. "ಹಳೇದಂತಲ್ಲ, ಬಿಡ," ಎಂದಳು. ಅಷ್ಟೇ.

ಆಮೇಲೆ ನಾನು ಧಾರವಾಡದಲ್ಲಿ ಓದಿ, ನೌಕರಿ ಸಿಕ್ಕು ಅದೇ ಕಾಲೇಜಿಗೆ ಬಂದೆ. ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಅವರೇ ಇದ್ದರು. ವರ್ಷಗಟ್ಟಲೆ ಎದುರುಬದುರು ಕೂತು ಕೆಲಸ ಮಾಡಿದೆವು. ನಾನು ಹೇಳಿದ ಪಾಠವನ್ನು ಮರುದಿನ ಅವರು ಕ್ಲಾಸಿಗೆ ಹೋಗಿ, "ನಿನ್ನೆ ಮೇಡಂ ಹೇಳಿದ್ದನ್ನ ಈಗ ಸರಿಯಾಗಿ ತಿಳಕೋರಿ" ಎಂದು ಮತ್ತೆ ಹೇಳುತ್ತಿದ್ದರು. ನನ್ನ ಅವ್ವನಿಗೆ ಶಸ್ತ್ರಚಿಕಿತ್ಸೆ ಇದ್ದಾಗ ರಜೆಯ ಅರ್ಜಿ ಓದಿ, "ಡಾಕ್ಟ್ರು ನೀವ ಏನ್ರಿ?" ಎಂದು ಕೇಳಿದರು. ಎಂದೂ ದನಿ ಎತ್ತಲಿಲ್ಲ. ಹೊರಗಿನವರಿಗೆ ಕಾಣುವಂಥ ಗಾಯ ಮಾಡುವುದು ಅವರ ರೀತಿಯಲ್ಲ. ಅವರಿಗೂ ಒಳಗೆ ಏನೋ ನೋವಿತ್ತು, ದೊಡ್ಡ ಸಂಶೋಧಕರಾಗಬೇಕಿತ್ತು, ಆಗಲಿಲ್ಲ ಎಂದು ಹೇಳುವವರಿದ್ದಾರೆ. ಇರಬಹುದು. ನೋವಿರುವ ಎಷ್ಟೋ ಮಂದಿ ಬೇರೆಯವರ ಬೋರ್ಡು ಒರೆಸದೆ ಬದುಕುತ್ತಾರೆ.

ಕೊನೆಯ ಕಾಯಿಲೆಯಲ್ಲಿ ನಾವು ಸಿಬ್ಬಂದಿಯವರೆಲ್ಲ ಕೂಡಿ ನೋಡಲು ಹೋಗಿದ್ದೆವು. ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಉಳಿದವರು ಹೊರಗೆ ಹೋದ ಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಆ ಡ್ರೈವರ್ ಮಗಳು ಎಲ್ಲಿ ಅದಾಳ?"

ತಪ್ಪಾಯಿತೆಂದು ಈಗ ಹೇಳುತ್ತಾರೆ ಎಂದುಕೊಂಡೆ. "ಅಥಣಿಯೊಳಗ ಅದಾಳ್ರಿ. ಪೋಸ್ಟ್ ಆಫೀಸಿನ್ಯಾಗ ನೌಕರಿ ಮಾಡ್ತಾಳ."

"ಹಾಂ. ನಾ ಹೇಳಿದ್ದ ಬರೋಬರಿ ಆತ ನೋಡು," ಎಂದು ಕಣ್ಣು ಮುಚ್ಚಿದರು.

ಬರೋಬರಿ ಆಯಿತಂತೆ. ಸಾಯುವವರೆಲ್ಲ ಕೊನೆಗೆ ಮೆತ್ತಗಾಗುತ್ತಾರೆ ಎಂದು ಯಾರು ಹೇಳಿದರೋ, ಅವರು ನಮ್ಮ ಸರನ್ನು ನೋಡಿರಲಿಲ್ಲ.

ಶ್ರದ್ಧಾಂಜಲಿ ಸಭೆಯ ದಿನ ಮಹಾದೇವಿಗೆ ಫೋನು ಮಾಡಿದೆ. ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಅರ್ಧ ದಿನದ ರಜೆ ಹಾಕಿ ಬಂದಳು, ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕೂತಳು. ಮಾತಾಡಿದವರೆಲ್ಲ ಸರ್ ಎಂದರೆ ಶಿಸ್ತು, ಸರ್ ಎಂದರೆ ತ್ಯಾಗ ಎಂದರು. ಆಡಳಿತ ಮಂಡಳಿಯವರೊಬ್ಬರು ಎದ್ದು, ಗಣಿತ ವಿಭಾಗದ ಗೋಡೆಯ ಮೇಲೆ ಇಪ್ಪತ್ತೊಂಬತ್ತು ಒಂದುಗಳನ್ನೂ ಸರ್ ಕಂಡುಹಿಡಿದ ಭಾಜಕವನ್ನೂ ಅವರ ಹೆಸರಿನೊಂದಿಗೆ ಬರೆಸುವುದಾಗಿ ಘೋಷಿಸಿದರು. ಆಮೇಲೆ ನನ್ನ ಸರದಿ ಬಂತು.

ನಾನು ಸುತ್ತಿ ಬಳಸಿ ಹೇಳಲಿಲ್ಲ. ಆ ಭಾಜಕ ಸರ್ ಕಂಡುಹಿಡಿದದ್ದಲ್ಲ, ಬಹಳ ಹಿಂದೆಯೇ ಜಗತ್ತಿಗೆ ಗೊತ್ತಿದ್ದದ್ದು, ನಮ್ಮ ಕಾಲೇಜಿನಲ್ಲಿ ಅದನ್ನು ಸ್ವಂತ ಬುದ್ಧಿಯಿಂದ ಮಾಡಿದವಳು ಮಹಾದೇವಿ, ಅದು ಸರ್‌ಗೆ ಗೊತ್ತಿತ್ತು ಎಂದೆ. ಪ್ರಿನ್ಸಿಪಾಲರು ನನ್ನ ಸೀರೆಯ ಸೆರಗು ಎಳೆಯುವುದೊಂದು ಬಾಕಿ. "ಮೇಡಂ, ಸತ್ತಾರ, ಬಿಡ್ರಿ," ಎಂದು ಪಿಸುಗುಟ್ಟಿದರು.

ಮುಂದಿನ ಸಾಲಿನಿಂದ ಸರ್ ಮಗ ಎದ್ದ. ಇಲ್ಲೇ ಕೋರ್ಟಿನಲ್ಲಿ ವಕೀಲ. ಸಿಟ್ಟಾಗಿರಲಿಲ್ಲ, ಮುಖ ಬಿಳಿಚಿತ್ತು. "ಮೇಡಂ, ನಮ್ಮ ಅಪ್ಪನ ಫೋಟೋ ಮುಂದ ನಿಂತ ಇಷ್ಟ ದೊಡ್ಡ ಮಾತ ಆಡ್ತೀರಿ. ಪುರಾವೆ ಏನೈತ್ರಿ?"

ಹಿಂದಿನ ಸಾಲಿನಿಂದ ಮಹಾದೇವಿ ಎದ್ದು ನಿಂತಳು. ದನಿ ಗಟ್ಟಿಯಾಗಿತ್ತು.

"ಪುರಾವೆ ಇಲ್ರಿ," ಎಂದಳು. "ನಾ ಬೋರ್ಡಿನ ಮ್ಯಾಲ ಬರದಿದ್ನಿ. ಅವರ ಒರಸಿದ್ರು."

ಅವಳು ಕೂತಳು. ವಕೀಲನೂ ಕೂತ. ಅಧ್ಯಕ್ಷರು ಬೇಗನೆ ಎರಡು ನಿಮಿಷದ ಮೌನಕ್ಕೆ ಎಲ್ಲರನ್ನೂ ಎಬ್ಬಿಸಿದರು. ಗೋಡೆಯ ಮೇಲೆ ಬರೆಸುವುದು ನಿಲ್ಲಲಿಲ್ಲ. ಈಗ ನಾನು ದಿನಾ ಅದರ ಎದುರಿನಿಂದ ಹಾದು ಕ್ಲಾಸಿಗೆ ಹೋಗುತ್ತೇನೆ. ಪೇಂಟರ್ ಒಂದು ಒಂದನ್ನು ಕಡಿಮೆ ಬರೆದಿದ್ದಾನೆ. ಯಾರೂ ಎಣಿಸಿಲ್ಲ. ನಾನು ಹೇಳುವುದಿಲ್ಲ.

ಸಭೆ ಮುಗಿದ ಮೇಲೆ ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಅಥಣಿಯ ಬಸ್ಸಿಗೆ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತು ನಾನು ಗೋಡೆಯ ಬಗ್ಗೆ ರೇಗುತ್ತಿದ್ದೆ. ಅವಳು ನನ್ನ ಮಾತನ್ನು ನಡುವೆಯೇ ತುಂಡು ಮಾಡಿದಳು.

"ಗ್ವಾಡಿ ಮ್ಯಾಲ ಏನರ ಬರಕೊಳ್ಳಿ, ನನಗ ಅದರ ಚಿಂತಿಲ್ಲ. ಲೆಕ್ಕಾ ತೊಗೊಂಡ ಹೋದ್ರ ಹೋಗ್ಲಿ. ಅಪ್ಪಗ ಹೇಳಿದ್ದೈತಲ್ಲ, ಆಕಿಗೆ ಬುದ್ಧಿ ಇಲ್ಲ ಅಂತ, ಅದನ್ನ ನಾ ಖರೇ ಅಂತ ತಿಳಕೊಂಡ್ನಿ ನೋಡ. ಅಷ್ಟ ದೊಡ್ಡ ಶಾಣ್ಯಾ ಮನಷ್ಯಾ ಹೇಳ್ಯಾರ ಅಂದ್ರ ಖರೇನ ಇರಬೇಕ ಅಂತ. ಮದಿವ್ಯಾಗಿ ಹೋದ ಮ್ಯಾಲ ಯಾರ ಏನ ಕೇಳಿದ್ರೂ 'ನನಗೇನ ತಿಳೀತೈತ್ರಿ, ನೀವ ನೋಡ್ರಿ' ಅಂತಿದ್ನಿ. ಅತ್ತಿ ಕೇಳಿದ್ರೂ ಅದ, ಗಂಡ ಕೇಳಿದ್ರೂ ಅದ. ಕೂಸಿಗೆ ಜ್ವರ ಬಂದ್ರ ಯಾವ ದವಾಖಾನಿಗೆ ಹೋಗೂಣು ಅಂತ ಕೇಳಿದ್ರೂ ಅದ. ಹತ್ತ ವರ್ಷ ಹಂಗ ಬದಕಿದ್ನಿ."

ಇಷ್ಟು ವರ್ಷ ನಾನು ಸಿಟ್ಟು ಇಟ್ಟುಕೊಂಡದ್ದು ಬೇರೆ ಯಾವುದಕ್ಕೋ ಎಂದು ಅನಿಸಿತು.

"ಆಮ್ಯಾಲ ನಮ್ಮನಿಯವರ ಅಣ್ಣನ ಮಗಳು ಪೋಸ್ಟಿನ ಪರೀಕ್ಷಾಕ್ಕ ಕುಂತ್ಲು. ಒಬ್ಬಾಕಿಗೇ ಬ್ಯಾಸರ, ನೀನೂ ಬರಿ ಕಾಕಿ ಅಂತ ಗಂಟ ಬಿದ್ಲು. ಆಕಿ ಸಲುವಾಗಿ ಬರದ್ನಿ. ನಂದ ಆತು. ಕಾಗದ ಬಂದ ದಿವಸ ನಾ ನೌಕರಿ ಸಿಕ್ತು ಅಂತ ಅತ್ತಿಲ್ಲ." ಅವಳ ದನಿ ಮೊದಲ ಸಲ ಒಡೆಯಿತು. "ಆ ಮನಷ್ಯಾ ಸುಳ್ಳ ಹೇಳಿದ್ದ ಅಂತ ಆವತ್ತ ಗೊತ್ತಾತು. ಅದಕ್ಕ ಅತ್ನಿ."

ಆ ತನಕ ಅವಳ ಬಾಯಲ್ಲಿ "ಸರ್" ಇದ್ದವರು, "ಅವರು" ಆಗಿದ್ದವರು, ಅಂದು "ಆ ಮನಷ್ಯಾ" ಆದರು. ಇನ್ನು ಮುಂದೆ ನನ್ನ ಬಾಯಲ್ಲೂ ಅಷ್ಟೇ.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಗಂಡ. ಅಥಣಿಯಲ್ಲಿ ಅವರು ಮನೆ ಕಟ್ಟಿಸುತ್ತಿದ್ದಾರೆ. ಗಾರೆ ಕೆಲಸದ ಗೌಂಡಿ ಬಂದು ನಿಂತಿದ್ದಾನೆ, ಮಾಳಿಗೆಯ ಮೆಟ್ಟಿಲನ್ನು ಬಾಗಿಲ ಕಡೆಗೇ ಇಳಿಸೋಣ, ಕೆಲಸ ಬೇಗ ಮುಗಿಯುತ್ತದೆ ಎನ್ನುತ್ತಾನೆ. ಅವಳು ಕಣ್ಣೊರೆಸಿಕೊಂಡು ಪೂರ್ತಿ ಕೇಳಿದಳು.

"ಬ್ಯಾಡ್ರಿ," ಎಂದಳು. "ಹಂಗ ಮಾಡಿದ್ರ ಮ್ಯಾಲಿನ ಪಾವಟಿಗಿ ಮ್ಯಾಲ ನಿಂತವರ ತಲಿ ತೊಲಿಗೆ ಬಡೀತೈತಿ, ನಾ ಅಳತಿ ಹಾಕಿ ನೋಡೇನಿ. ನಾ ಹೇಳ್ದಂಗ ಬಲಕ್ಕ ತಿರಗಸಾಕ ಹೇಳ್ರಿ. ಏನಂತಾನ ಅವಾ, ಹೆಂಗಸರಿಗೇನ ತಿಳೀತೈತಿ ಅಂತಾನ? ಫೋನ್ ಕೊಡ್ರಿ ಅವನ ಕೈಯಾಗ."

ಬಸ್ಸು ಬಂತು. ಅವಳು ಚೀಲ ಹೆಗಲಿಗೇರಿಸಿ, ನನ್ನ ಕಡೆ ಕೈ ಬೀಸಿ, ಫೋನಿನಲ್ಲಿ ಗೌಂಡಿಯೊಂದಿಗೆ ಜಗಳವಾಡುತ್ತಲೇ ಹತ್ತಿದಳು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಅವಳ ದನಿ ಕೇಳುತ್ತಿತ್ತು: "ನಾ ಬರೂತನಕ ಒಂದ ಇಟ್ಟಂಗಿ ಇಡಬ್ಯಾಡ!"